ಎಡಕ್ಕೆ ಹೋದ ಮುಳ್ಳು

"ಅಲ್ಲಾಡೇ, ದರಿದ್ರದ್ದೇ!" ಎಂದು ಕೈ ಮೇಲೆತ್ತಿ ಆಮ್ಮೀಟರಿನ ಮುಖಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿದೆ. ಮುಳ್ಳು ನಡುವಿನ ಸೊನ್ನೆ ಬಿಟ್ಟು ಕದಲಲಿಲ್ಲ.

ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದ ಐವತ್ತೆರಡನೇ ಇಸವಿಯ ಪ್ಲಿಮತ್ ಕಾರಿನ ಡ್ಯಾಶ್‌ಬೋರ್ಡಿನಡಿ, ಕಾಲು ಸೀಟಿನ ಮೇಲೂ ತಲೆ ಬ್ರೇಕ್ ಪೆಡಲಿನ ಪಕ್ಕವೂ ಇಟ್ಟುಕೊಂಡು ಮಲಗಿ ನನಗೆ ಒಂದೂಕಾಲು ಗಂಟೆಯಾಗಿತ್ತು. ಅರವತ್ತೊಂದು ವರ್ಷದ ಹೆಂಗಸಿನ ಸೊಂಟಕ್ಕೆ ಇದು ತಕ್ಕ ಕೆಲಸವಲ್ಲ. ಮತಾನ್ಸಾಸ್‌ನ ಬಸ್ ಡಿಪೋದಲ್ಲಿ ಮೂವತ್ತು ವರ್ಷ ವೈರಿಂಗ್ ಮಾಡಿದವಳಿಗೆ ಒಂದು ಮುಳ್ಳನ್ನು ಅಲ್ಲಾಡಿಸಲು ಆಗುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

"ನೆರೈದಮ್ಮ, ಮೂರೂವರೆ ಆಯ್ತು," ಎಂದು ಪೊಲೀಸ್ ಲೆಫ್ಟಿನೆಂಟ್ ಅರ್ಸೆನಿಯೊ ಹೊರಗಿನಿಂದ ನೆನಪಿಸಿದ. "ಐದಕ್ಕೆ ಫೈಲು ಪ್ರಾಸಿಕ್ಯೂಟರ್ ಆಫೀಸಿಗೆ ಹೋಗತ್ತೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

"ಗೊತ್ತಪ್ಪಾ, ಗೊತ್ತು. ನೀನು ಹತ್ತು ಸಲ ಹೇಳಿದ್ರೆ ಮುಳ್ಳೇನು ಹೆದರ್ಕೊಂಡು ಓಡತ್ತಾ?"

ಹನ್ನೆರಡು ದಿನದ ಹಿಂದೆ, ಶುಕ್ರವಾರ ಸಂಜೆ, ಈ ಕಾರು ಕಬ್ಬಿನ ರೈಲಿನ ಹಳಿಯ ಮೇಲೆ ಇದ್ದಕ್ಕಿದ್ದಂತೆ ಸತ್ತು ನಿಂತಿತ್ತು. ಕಾರಿನ ಯಜಮಾನ ಫೆರ್ಮಿನ್‌ನ ಪಕ್ಕದಲ್ಲಿದ್ದ ಅಳಿಯ ಓಸ್ಮೆಲ್ ಹಾರಿ ಉಳಿದುಕೊಂಡ. ಸೊಂಟ ಹಿಡಿದಿದ್ದ ಮುದುಕ ಫೆರ್ಮಿನ್ ಸ್ಟಿಯರಿಂಗ್ ಹಿಂದಿನಿಂದ ಏಳಲಾರದೆ, ರೈಲು ಗುದ್ದಿದ ಏಟಿಗೆ ಸತ್ತ. ಅದೇ ವಾರದ ಮಂಗಳವಾರ ನಮ್ಮ ರಿಪೇರಿ ಶೆಡ್ಡಿನಲ್ಲಿ ಈ ಆಮ್ಮೀಟರು ರಿಪೇರಿ ಮಾಡಿದ್ದವನು ನನ್ನ ತಮ್ಮ ಬೆರ್ತೊ.

ಯಾರೂ ಕರೆಯುವ ಮೊದಲೇ ಅವನು ಠಾಣೆಗೆ ನಡೆದುಕೊಂಡು ಹೋಗಿ, "ನಟ್ಟು ಬಿಗಿ ಮಾಡೋದು ಮರೆತೆ, ತಪ್ಪು ನಂದೇ," ಎಂದು ಹೇಳಿ ಕೂತುಬಿಟ್ಟ. ನಾನು ಜೈಲಿಗೆ ಹೋಗಿ ಬೈದೆ, ಅತ್ತೆ, ಬೇಡಿಕೊಂಡೆ. "ಮರೆತೆ ಅಕ್ಕ, ಬಿಟ್ಬಿಡು. ಆ ಮೀಟರ್ ತಂಟೆಗೆ ಹೋಗ್ಬೇಡ," ಅಷ್ಟೇ ಅವನ ಮಾತು. ಬೆರ್ತೊ ತನ್ನ ಹೆಂಡತಿ ಸತ್ತ ದಿನ ಅಂತ್ಯಕ್ರಿಯೆಗೆ ಬೂಟು ಹಾಕಿಕೊಳ್ಳುವುದನ್ನು ಮರೆತಿದ್ದ. ಆದರೆ ನಟ್ಟು ಬಿಗಿ ಮಾಡುವುದನ್ನು ಮರೆತವನಲ್ಲ. ಐವತ್ತೇಳು ವರ್ಷದವನಿಗೆ ಶಿಕ್ಷೆಯಾದರೆ ಅವನು ಹೊರಗೆ ಬರುವಾಗ ನಾನು ಇರುತ್ತೇನೋ ಇಲ್ಲವೋ.

ಆಮ್ಮೀಟರಿನ ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ, ಎಡಕ್ಕೆ ಹೋದರೆ ಖಾಲಿಯಾಗುತ್ತಿದೆ ಎಂದು ಲೆಕ್ಕ. ಈ ಹಳೇ ಗಾಡಿಗಳಲ್ಲಿ ಕರೆಂಟೆಲ್ಲ ಆಮ್ಮೀಟರಿನ ಹೊಟ್ಟೆಯೊಳಗಿಂದಲೇ ಹಾದು ಹೋಗಬೇಕು. ಅದರ ಬೆನ್ನಲ್ಲಿ ಎರಡು ಬೋಲ್ಟು, ಎರಡಕ್ಕೂ ದಪ್ಪ ತಂತಿ. ಒಂದು ಕಳಚಿಕೊಂಡರೆ ದೀಪ, ಹಾರನ್ನು, ಎಂಜಿನ್ನು ಎಲ್ಲ ಒಟ್ಟಿಗೆ ಮಲಗುತ್ತವೆ. ಪೊಲೀಸರ ತಜ್ಞ ತೆಗೆದ ಫೋಟೋದಲ್ಲಿ ಬಲಗಡೆಯ ತಂತಿ ಬೋಲ್ಟಿನಲ್ಲೇ ಇತ್ತು, ಎಡಗಡೆಯದು ಜೋತಾಡುತ್ತಿತ್ತು, ನಟ್ಟು ಕಾಲಡಿಯ ಚಾಪೆಯ ಮೇಲೆ ಬಿದ್ದಿತ್ತು. ಅಲ್ಲಿಗೆ ಅವನ ತನಿಖೆ ಮುಗಿದಿತ್ತು.

ನನ್ನದು ಮುಗಿದಿರಲಿಲ್ಲ. ರೈಲು ಹಿಂಭಾಗವನ್ನು ಮಾತ್ರ ಜಜ್ಜಿತ್ತು, ಮುಂಭಾಗ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಲೆಫ್ಟಿನೆಂಟನ ಲಾಡಾ ಕಾರಿನ ಬ್ಯಾಟರಿ ಬಿಚ್ಚಿಸಿ ಇದಕ್ಕೆ ಹಾಕಿಸಿದೆ. ಹಿಂಬದಿಯ ಜಜ್ಜಿದ ತಂತಿಗಳನ್ನೆಲ್ಲ ಕತ್ತರಿಸಿದೆ. ಜೋತಾಡುತ್ತಿದ್ದ ತಂತಿಯನ್ನು ಖಾಲಿ ಬೋಲ್ಟಿಗೆ ಹಾಕಿ ಬಿಗಿ ಮಾಡಿದೆ. ಹೆಡ್‌ಲೈಟ್ ಸ್ವಿಚ್ಚು ಎಳೆದರೆ ಎಡಗಣ್ಣು ಧಗ್ಗನೆ ಉರಿಯಿತು. ಕರೆಂಟು ಹರಿಯುತ್ತಿದೆ. ಮುಳ್ಳು ಮಾತ್ರ ಸೊನ್ನೆಯಲ್ಲಿ ಕಂಬದ ಹಾಗೆ ನಿಂತಿದೆ.

ಟೆಸ್ಟ್ ಲ್ಯಾಂಪು ಹಿಡಿದು ಈ ಬೋಲ್ಟು ನೋಡಿದೆ, ಆ ಬೋಲ್ಟು ನೋಡಿದೆ. ಎರಡೂ ಕಡೆ ಉರಿಯುತ್ತಿದೆ. ಎರಡು ಬೋಲ್ಟುಗಳ ನಡುವೆ ಯಾರಾದರೂ ಕಳ್ಳ ತಂತಿ ಕಟ್ಟಿದ್ದಾರೋ ಎಂದು ತಡಕಿದೆ. ಇಲ್ಲ. ತಂತಿ ಬಿಚ್ಚಿದೆ, ಉಜ್ಜಿದೆ, ಮತ್ತೆ ಹಾಕಿದೆ. ಮೂರು ಸಲ ಹಾಗೆ ಮಾಡಿದೆ. ಬೆವರು ಕಣ್ಣಿಗೆ ಇಳಿದು ಉರಿ ಬೇರೆ.

"ಮೀಟರೇ ಸುಟ್ಟೋಗಿರಬಹುದು," ಎಂದ ಲೆಫ್ಟಿನೆಂಟ್. ಬ್ರೆಡ್ಡಿಗೆ ಸೀಬೆಹಣ್ಣಿನ ಹಲ್ವ ಇಟ್ಟುಕೊಂಡು ತಿನ್ನುತ್ತಿದ್ದ.

"ಸುಟ್ಟೋಗಿದ್ರೆ ಲೈಟ್ ಹೇಗಪ್ಪಾ ಉರಿಯತ್ತೆ? ತಿನ್ನು, ತಿನ್ನು. ಮಾತಾಡ್ಬೇಡ."

ಸಾಕಾಗಿ ಹೊರಗೆ ಬಂದು ಸೀಟಿನ ಮೇಲೆ ನೆಟ್ಟಗೆ ಕೂತೆ. ಸುಮ್ಮನೆ ಆ ಮೀಟರಿನ ಮುಖ ನೋಡಿದೆ. ಆಗ ಕಾಣಿಸಿತು. ಗಾಜಿನ ಸುತ್ತಲಿನ ಕಬ್ಬಿಣದ ಬಳೆ ಒಂದು ಕಡೆ ಒಳಕ್ಕೆ ನೆಗ್ಗಿತ್ತು. ಗಾಜು ಓರೆಯಾಗಿ ಮುಳ್ಳಿನ ಮೇಲೆ ಕೂತಿತ್ತು. ಒಂದೂಕಾಲು ಗಂಟೆ ನಾನು ಮೀಟರಿನ ಬೆನ್ನು ಕೆರೆಯುತ್ತ ಕೂತಿದ್ದೆ, ರೋಗ ಇದ್ದದ್ದು ಮುಖದಲ್ಲಿ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ತಂತಿಯವರಿಗೆ ಯಾವಾಗಲೂ ತಂತಿಯ ಮೇಲೇ ಅನುಮಾನ.

ಚಾಕುವಿನ ತುದಿ ಹಾಕಿ ಬಳೆ ಎಬ್ಬಿಸಿದೆ. ಗಾಜು ಕೈಗೆ ಬಂತು. ಮುಳ್ಳು ನಡುಗಿ, ಎಡಕ್ಕೆ ವಾಲಿ ನಿಂತಿತು.

"ಆಹಾ! ಸರಿಹೋಯ್ತಲ್ಲ," ಎಂದು ಲೆಫ್ಟಿನೆಂಟ್ ಕಿಟಕಿಯಿಂದ ಬಗ್ಗಿದ. "ಎಂಜಿನ್ ಓಡ್ತಿಲ್ಲ, ಲೈಟ್ ಉರೀತಿದೆ. ಬ್ಯಾಟರಿ ಖಾಲಿಯಾಗ್ತಿದೆ. ಮುಳ್ಳು ಎಡಕ್ಕೆ. ಸರಿಯಾಗೇ ಇದೆ."

"ಅದೇ ನೋಡಪ್ಪಾ ತೊಂದರೆ," ಎಂದೆ. "ಸರಿಯಾಗಿದೆ. ಈ ಕಾರಿನಲ್ಲಿ ಅದು ಸರಿಯಾಗಿರಬಾರದು."

ಅವನು ಬ್ರೆಡ್ಡು ಕೆಳಗಿಟ್ಟ.

"ಕೇಳು. ಈ ಅಮೆರಿಕದ ಗಾಡಿಗಳು ಹುಟ್ಟಿದಾಗ ಬ್ಯಾಟರಿಯ ಪ್ಲಸ್ ತಂತಿ ಕಾರಿನ ಮೈಗೆ ಕಟ್ಟಿರ್ತಿತ್ತು. ಆಮೇಲೆ ನಾವೆಲ್ಲ ರಷ್ಯದ ಲಾಡಾದ ಸಾಮಾನು ತುಂಬಿ ಮೈನಸ್ ತಂತಿ ಮೈಗೆ ಬರೋ ಹಾಗೆ ತಿರುಗಿಸಿದ್ವಿ. ತಿರುಗಿಸಿದಾಗ ಆಮ್ಮೀಟರಿನ ಬೆನ್ನಿನ ಎರಡೂ ತಂತಿ ಅದಲುಬದಲು ಮಾಡಬೇಕು. ಇಲ್ಲಾಂದ್ರೆ ಮುಳ್ಳು ಉಲ್ಟಾ ಓಡತ್ತೆ."

"ಇದರಲ್ಲಿ ಮಾಡಿರಲಿಲ್ವಾ?"

"ಇಲ್ಲಪ್ಪಾ. ಬ್ಯಾಟರಿ ಕಡೆಯ ತಂತಿ ಒಂದು ಗೇಣು ಸಾಲದು. ಎಡಗಡೆಯ ಬೋಲ್ಟಿಗೆ ಎಟುಕತ್ತೆ, ಬಲಗಡೆಯದಕ್ಕೆ ಎಟುಕಲ್ಲ. ಅಷ್ಟು ದಪ್ಪದ ಹೊಸ ತಂತಿ ಎಲ್ಲಿ ತರ್ತೀಯಾ ಈ ಊರಲ್ಲಿ? ಜೋಡಣೆ ಹಾಕಿ ಅಂತ ಫೆರ್ಮಿನ್ ಕೇಳಿದ್ದಕ್ಕೆ, ಮುಖ್ಯ ತಂತಿಗೆ ಜೋಡಣೆ ಹಾಕಲ್ಲ, ಬೆಂಕಿ ಬೀಳತ್ತೆ ಅಂತ ಬೆರ್ತೊ ಹಠ ಹಿಡಿದ. ಮುದುಕನೂ ಒಗ್ಗಿಹೋದ. ಎಡಕ್ಕೆ ಹೋದ್ರೆ ಚಾರ್ಜು, ಬಲಕ್ಕೆ ಹೋದ್ರೆ ಖರ್ಚು. ಇಪ್ಪತ್ತು ವರ್ಷ ಹಾಗೇ ಓಡಿಸಿದ. ಈಗ ಲೈಟ್ ಹಾಕಿದ್ರೆ ಎಡಕ್ಕೆ ಹೋಗ್ತಿದೆ ಅಂದ್ರೆ ಯಾರೋ ತಂತಿ ಅದಲುಬದಲು ಮಾಡಿದಾರೆ."

ಮತ್ತೆ ತಲೆಕೆಳಗಾಗಿ ಒಳಗೆ ನುಗ್ಗಿದೆ. ಈ ಸಲ ಬೋಲ್ಟು ಬಿಟ್ಟು, ಬಲಗಡೆಯ ತಂತಿಯನ್ನೇ ಹಿಡಿದು ಹಿಂದಕ್ಕೆ ಸವರುತ್ತ ಹೋದೆ. ಗೇಣುದ್ದ ಹೋಗುವಷ್ಟರಲ್ಲಿ ಬೆರಳಿಗೆ ನುಣುಪಾದದ್ದೇನೋ ತಾಗಿತು. ಆಸ್ಪತ್ರೆಯ ಸಲೈನ್ ನಳಿಕೆಯ ತುಂಡು. ಅದರೊಳಗೆ ಬೆಸುಗೆ. ಅದರಿಂದ ಮುಂದಕ್ಕೆ ಹೊಸ ತಂತಿ.

ಬೆಸುಗೆ ಅಚ್ಚುಕಟ್ಟಾಗಿತ್ತು, ಹೊಳೆಯುತ್ತಿತ್ತು. ನಳಿಕೆಯ ಎರಡು ತುದಿಗೂ ಮೇಣದ ದಾರ ಸುತ್ತಿ ಗಂಟು ಹಾಕಿತ್ತು. ಕಾರಿನವರು ಯಾರೂ ದಾರ ಸುತ್ತುವುದಿಲ್ಲ, ಟೇಪು ಸುತ್ತಿ ಬಿಸಾಕುತ್ತೇವೆ. ಇದು ಯಾರ ಕೈಯಪ್ಪಾ ಎಂದುಕೊಂಡೆ. ಯೋಚನೆಯನ್ನು ಮುಂದಕ್ಕೆ ಬಿಡಲಿಲ್ಲ. ಬೆರ್ತೊನ ಕೈಯಲ್ಲ, ಅಷ್ಟು ಸಾಕಾಗಿತ್ತು.

ಹೊರಗೆ ಬಂದು ಲೆಫ್ಟಿನೆಂಟನಿಗೆ ಟಾರ್ಚು ಕೊಟ್ಟು ನೋಡೆಂದೆ. ಸಮವಸ್ತ್ರದಲ್ಲೇ ಮಲಗಿ ನೋಡಿದ, ಪಾಪ. ಫೋಟೋ ಜೊತೆ ಹೋಲಿಸಿದ. ಫೋಟೋದಲ್ಲೂ ಬಲಗಡೆ ಇದೇ ಹೊಸ ತಂತಿ.

"ನಿಮ್ಮ ತಮ್ಮನೇ ಮಂಗಳವಾರ ಇದನ್ನೂ ಮಾಡಿರಬಹುದಲ್ಲ?"

"ಬುಧವಾರ ಫೆರ್ಮಿನ್ ನನ್ನನ್ನ ಇದೇ ಕಾರಲ್ಲಿ ಮಾರ್ಕೆಟ್ಟಿಗೆ ಕರ್ಕೊಂಡು ಹೋದ. ಮುಳ್ಳು ಎಡಗಡೆ ಗಟ್ಟಿಯಾಗಿ ನಿಂತಿತ್ತು, ಎಂಜಿನ್ ಓಡ್ತಿತ್ತು. ನಿನ್ನ ತಮ್ಮ ಎಷ್ಟು ಚೆನ್ನಾಗಿ ಬಿಗಿ ಮಾಡಿದಾನೆ ನೋಡು, ಈಗ ನಡುಗೋದೇ ಇಲ್ಲ ಅಂದ ಮುದುಕ. ಅಂದ್ರೆ ಬುಧವಾರ ಆದ್ಮೇಲೆ, ಶುಕ್ರವಾರ ಸಂಜೆಗೆ ಮುಂಚೆ, ಯಾರೋ ಎರಡೂ ನಟ್ಟು ಬಿಚ್ಚಿದಾರೆ. ಆಮೇಲೆ ಸಡಿಲ ಆಗಿದ್ದು ಬೆರ್ತೊ ಬಿಗಿ ಮಾಡಿದ ನಟ್ಟಲ್ಲ. ಈಗ ಅವನನ್ನ ಬಿಡ್ತೀಯೋ ಇಲ್ವೋ?"

"ನೀವು ಅಕ್ಕ. ನಿಮ್ಮ ಮಾತೊಂದೇ ಸಾಲದು ನೆರೈದಮ್ಮ."

ನನಗೆ ಸ್ಪ್ಯಾನರು ಎಸೆಯಬೇಕೆನ್ನುವಷ್ಟು ಸಿಟ್ಟು ಬಂತು. ಕಣ್ಣೆದುರಿಗೆ ತಂತಿ ನೇತಾಡುತ್ತಿದೆ, ಇವನಿಗೆ ಸಾಕ್ಷಿ ಬೇಕಂತೆ.

ಅಷ್ಟರಲ್ಲಿ ಸಾಕ್ಷಿಯೇ ಗೇಟು ತಳ್ಳಿಕೊಂಡು ಬಂತು. ಓಸ್ಮೆಲ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗೈಗೆ ಕಪ್ಪು ಪಟ್ಟಿ. ಕಾರು ವಾಪಸು ಪಡೆಯುವ ಕಾಗದಕ್ಕೆ ರುಜು ಹಾಕಲು ಲೆಫ್ಟಿನೆಂಟ್ ನಾಲ್ಕಕ್ಕೆ ಬರಹೇಳಿದ್ದ.

"ಇವರೇನು ಮಾಡ್ತಿದಾರೆ ನಮ್ಮ ಕಾರಲ್ಲಿ?" ಎಂದ ನನ್ನ ಕಡೆ ನೋಡದೆ.

"ನಿಮ್ಮ ಕಾರಾ? ಮಾವನ ಮಣ್ಣು ಇನ್ನೂ ಆರಿಲ್ಲ ಕಣೋ," ಎಂದೆ.

"ನೋಡಮ್ಮ, ನಿಮ್ಮ ತಮ್ಮನಿಂದ ನಮ್ಮ ಮನೆ ಹಾಳಾಯ್ತು. ಆದ್ರೂ ನಾನು ಒಂದು ಕೆಟ್ಟ ಮಾತಾಡಿಲ್ಲ."

"ಒಳ್ಳೇ ಮಾತೇ ಆಡು ಹಾಗಾದ್ರೆ. ಆವತ್ತು ಸಂಜೆ ಕಾರು ನಿಲ್ಲೋ ಮುಂಚೆ ಮುಳ್ಳು ಎಲ್ಲಿತ್ತು? ನೋಡಿದ್ಯಾ?"

"ನೋಡ್ದೇ ಇರ್ತೀನಾ? ಲೈಟ್ ಹಾಕಿದ್ವಲ್ಲ, ಅದರ ಮೇಲೇ ಕಣ್ಣಿತ್ತು."

"ಎಲ್ಲಿತ್ತು?"

"ಬಲಗಡೆ. ಚೆನ್ನಾಗಿ ಚಾರ್ಜ್ ಆಗ್ತಿತ್ತು. ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಬಿತ್ತು, ಎಂಜಿನ್ ಉಸಿರು ನಿಂತ್ಹೋಯ್ತು. ಹಳಿ ಮೇಲೆ. ನಾನು ಇಳಿ ಮಾವ ಇಳಿ ಮಾವ ಅಂತ ಕೂಗ್ದೆ..."

ಅವನ ದನಿ ನಿಜವಾಗಿಯೂ ಒಡೆಯಿತು. ನಾನು ಕರಗಲಿಲ್ಲ.

"ಈ ಕಾರು ಎಷ್ಟು ವರ್ಷದಿಂದ ಓಡಿಸ್ತಿದೀಯಾ ನೀನು?"

"ಆರು ವರ್ಷ. ಮಾವನಿಗೆ ಸೊಂಟ ನೋವು ಬಂದಾಗಲೆಲ್ಲ ನಾನೇ."

"ಆರು ವರ್ಷ ಚಾರ್ಜು ಅಂದ್ರೆ ಯಾವ ಕಡೆ ನೋಡ್ತಿದ್ದೆ?"

ಅವನು ತೋಳಿನ ಕಪ್ಪು ಪಟ್ಟಿ ಸರಿಮಾಡಿಕೊಂಡ.

"ಹೇಳೋ. ಎಡಗಡೆ ಅಲ್ವಾ? ಆರು ವರ್ಷ ಎಡಗಡೆ ನೋಡ್ಕೊಂಡು ಬಂದವನು ಆವತ್ತು ಮುಳ್ಳು ಬಲಕ್ಕೆ ಹೋದ್ರೆ ಅಯ್ಯೋ ಬ್ಯಾಟರಿ ಬರಿದಾಗ್ತಿದೆ ಅಂತ ಕಾರು ನಿಲ್ಲಿಸಬೇಕಿತ್ತು. ನೀನು ಚೆನ್ನಾಗಿ ಚಾರ್ಜ್ ಆಗ್ತಿತ್ತು ಅಂತ ಹಾಯಾಗಿ ಕೂತಿದ್ದೆ. ಹೇಗೆ? ತಂತಿ ಬದಲಾಯ್ಸಿದ್ದು ನಿನಗೆ ಮೊದಲೇ ಗೊತ್ತಿತ್ತು!"

ಲೆಫ್ಟಿನೆಂಟ್ ಫೈಲು ಬಿಡಿಸಿ ಪೆನ್ನು ತೆಗೆದ. ಓಸ್ಮೆಲ್ ಅಂಗಿಯ ಕಾಲರು ಸಡಿಲ ಮಾಡಿಕೊಂಡ.

"ಬದಲಾಯ್ಸೋದು ತಪ್ಪಾ?" ಎಂದ ಕೊನೆಗೆ. "ವರಾದೇರೋದಿಂದ ಒಬ್ಬ ಕಾರು ನೋಡೋಕೆ ಬರೋನಿದ್ದ. ಪ್ರವಾಸಿಗಳನ್ನ ಓಡಿಸೋನು. ಮುಳ್ಳು ಉಲ್ಟಾ ಓಡೋ ಗಾಡಿ ನಂಗೆ ಬೇಡ ಅಂದ. ಅದಕ್ಕೆ ನೆಟ್ಟಗೆ ಮಾಡಿಸ್ದೆ. ಅಷ್ಟೇ."

"ಫೆರ್ಮಿನ್ ಕಾರು ಮಾರಲ್ಲ ಅಂತ ಊರಿಗೆಲ್ಲ ಗೊತ್ತು."

"ಒಪ್ಪಿಸ್ತಿದ್ದೆ. ನಿಧಾನಕ್ಕೆ."

"ಮುಳ್ಳು ತಿರುಗಿದ್ದು ಅವರಿಗೆ ಗೊತ್ತಿತ್ತಾ?" ಎಂದು ಕೇಳಿದ ಲೆಫ್ಟಿನೆಂಟ್.

"ಶುಕ್ರವಾರ ಹತ್ತಿದ ತಕ್ಷಣ ನೋಡಿ ಬೈದ್ರು. ಕೇಳೋದಕ್ಕೆ ಬೆರ್ತೊ ಹತ್ರಾನೇ ಹೊರಟಿದ್ವಿ ಆವತ್ತು. ಹಳಿ ದಾಟಿದ್ರೆ ಐದು ನಿಮಿಷದ ದಾರಿ." ಓಸ್ಮೆಲ್ ತಲೆ ತಗ್ಗಿಸಿದ. "ಸಾರ್, ನಾನು ಸ್ಕ್ರೂಡ್ರೈವರ್ ಮುಟ್ಟೋನಲ್ಲ. ಗುರುವಾರ ಮಧ್ಯಾಹ್ನ ಕಾರು ಇವರ ಶೆಡ್ಡಿಗೇ ತಗೊಂಡು ಹೋದೆ. ಅಲ್ಲೇ ಮಾಡಿಸ್ದೆ. ಇವರದ್ದೇ ಬೆಂಚು, ಇವರದ್ದೇ ಬೆಸುಗೆ ಕಡ್ಡಿ."

"ಸುಳ್ಳು ಬೊಗಳ್ಬೇಡ! ಗುರುವಾರ ನಾನೂ ಬೆರ್ತೊನೂ ಹೊವೆಯಾನೋಸ್‌ನಲ್ಲಿ ದೊಡ್ಡಪ್ಪನ ಮಗನ ಮಣ್ಣಿಗೆ ಹೋಗಿದ್ವಿ. ಬೆಳಿಗ್ಗೆ ಏಳಕ್ಕೆ ಹೋದವರು ಕತ್ತಲಾದ ಮೇಲೆ ಬಂದ್ವಿ. ನೆಂಟರಿಷ್ಟರೆಲ್ಲ ನೋಡಿದಾರೆ. ಶೆಡ್ಡಿಗೆ ಬೀಗ ಹಾಕಿತ್ತು."

"ಬೀಗ ಇರಲಿಲ್ಲಮ್ಮ. ಬಾಗಿಲು ತೆಗೆದಿತ್ತು. ಒಬ್ಬರಿದ್ರು."

"ಯಾರು?" ಎಂದ ಲೆಫ್ಟಿನೆಂಟ್.

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ದುಡ್ಡೂ ಬೇಡ ಅಂದ್ರು. ಎರಡು ಪೊಟ್ಟಣ ಹಾಲಿನ ಪುಡಿ ಸಿಕ್ಕತ್ತಾ ಅಂತ ಕೇಳಿದ್ರು, ಕೊಟ್ಟೆ. ಉಳಿದದ್ದು ವಕೀಲರು ಬರಲಿ, ಆಮೇಲೆ."

ಹಾಲಿನ ಪುಡಿ. ಪಕ್ಕದಲ್ಲಿದ್ದ ಟೈರಿನ ಮೇಲೆ ಕುಕ್ಕರಿಸಿದೆ. ಸೊಂಟ ನೋವೇನಮ್ಮ ಎಂದು ಲೆಫ್ಟಿನೆಂಟ್ ಕೇಳಿದ್ದಕ್ಕೆ ಹೂಂ ಎಂದೆ.

ಅವನು ಅಂಗಳದ ಕೊನೆಯ ಕೋಣೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಜೈಲಿಗೆ ಫೋನು ಹಚ್ಚಿದ. ಬೆರ್ತೊನನ್ನು ಕರೆಸಲು ಎಂಟು ನಿಮಿಷ ತೆಗೆದುಕೊಂಡರು. ಎಲ್ಲರಿಗೂ ಕೇಳಿಸಲೆಂದು ಫೋನಿನ ಗುಂಡಿ ಒತ್ತಿ ಮೇಜಿನ ಮೇಲಿಟ್ಟ.

"ಬೆರ್ತೊ, ಗುರುವಾರ ನಿಮ್ಮ ಶೆಡ್ಡಲ್ಲಿ ಫೆರ್ಮಿನ್ ಕಾರಿನ ತಂತಿ ಬದಲಾಯ್ಸಿದ್ದು ಯಾರು?"

ಆ ಕಡೆಯಿಂದ ಬೆರ್ತೊ ಕೇಳಿದ್ದು ಬೇರೆಯೇ.

"ಅಕ್ಕ ಅಲ್ಲಿದಾಳಾ?"

"ಇದೀನಿ ಕಣೋ."

"ಮೀಟರ್ ಬಿಚ್ಚಿಬಿಟ್ಯಾ?"

"ಬಿಚ್ಚಿದೆ."

"ಮುಳ್ಳು ಯಾವ ಕಡೆ ಹೋಯ್ತು?"

ಹನ್ನೆರಡು ದಿನದಲ್ಲಿ ಆ ಮುಳ್ಳಿನ ಬಗ್ಗೆ ಅವನು ಕೇಳಿದ ಮೊದಲನೇ ಪ್ರಶ್ನೆ ಅದು. ಏನೂ ಗೊತ್ತಿಲ್ಲದವನು ಕೇಳುವ ಪ್ರಶ್ನೆಯಲ್ಲ. ನಾನು ಸುಳ್ಳು ಹೇಳಬಹುದಿತ್ತು. ಎಂಜಿನ್ನಿನ ವಿಷಯದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಯಾವತ್ತೂ ಸುಳ್ಳು ಹೇಳಿದವರಲ್ಲ.

"ಎಡಕ್ಕೆ," ಎಂದೆ.

ಬೆರ್ತೊ ಅಳುವುದು ಕೇಳಿಸಿತು. "ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ದೆ ಅಕ್ಕ ನಿಂಗೆ. ಎಷ್ಟು ಸಲ ಹೇಳ್ದೆ." ಆಮೇಲೆ ಮೂಗು ಒರೆಸಿಕೊಂಡು ಗಟ್ಟಿಯಾಗಿ ಮಾತಾಡಿದ. "ಸಾಹೇಬ್ರೇ, ಬರ್ಕೊಳ್ಳಿ. ಗುರುವಾರದ್ದೂ ನಾನೇ ಮಾಡಿದ್ದು. ಅದನ್ನೂ ಒಪ್ಕೊಂಡಿದೀನಿ."

ಲೆಫ್ಟಿನೆಂಟ್ ಪೆನ್ನು ಎತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಗುರುವಾರ ಇಡೀ ದಿನ ಅವರು ನಿಮ್ಮ ಜೊತೆ ಮಣ್ಣಿಗೆ ಹೋಗಿದ್ರು ಅಂತ ನೀವೇ ಹೇಳಿದ್ರಿ ನೆರೈದಮ್ಮ. ನೆಂಟರೆಲ್ಲ ನೋಡಿದಾರೆ ಅಂದ್ರಿ. ಆ ಮಾತಿಗೆ ರುಜು ಹಾಕಿದ್ರೆ ನಿಮ್ಮ ತಮ್ಮ ಇವತ್ತೇ ಮನೆಗೆ ಬರ್ತಾರೆ."

"ಹಾಕ್ತೀನಿ. ಕೊಡು ಇಲ್ಲಿ."

"ಅದಕ್ಕೆ ಮುಂಚೆ ಒಂದೇ ಒಂದು. ಶೆಡ್ಡಿಗೆ ಎಷ್ಟು ಕೀಲಿ?"

"ಮೂರು." ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು. ನಾಲಿಗೆ ಕಚ್ಚಿಕೊಂಡರೂ ಪ್ರಯೋಜನವಿರಲಿಲ್ಲ.

"ಒಂದು ನಿಮ್ಮದು. ಒಂದು ಬೆರ್ತೊದು. ಇಬ್ಬರೂ ಹೊವೆಯಾನೋಸ್‌ನಲ್ಲಿ." ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಮೂರನೇ ಕೀಲಿ ಯಾರ ಹತ್ರ ಇದೆ?"

ಓಸ್ಮೆಲ್ ಕಿಟಕಿಯ ಕಡೆ ತಿರುಗಿ ನಿಂತ. ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಮೂರನೇ ಕೀಲಿ ಯಾಮಿಲೆಯ ಹತ್ತಿರ ಇದೆ. ಬೆರ್ತೊನ ಒಬ್ಬಳೇ ಮಗಳು, ನನ್ನ ಕೈಯಲ್ಲಿ ಬೆಳೆದವಳು. ಟೆಲಿಫೋನ್ ಕಚೇರಿಯಲ್ಲಿ ತಂತಿಗಳಿಗೆ ಮೇಣದ ದಾರ ಸುತ್ತಿ ಗಂಟು ಹಾಕುವುದು ಅವಳ ಕೆಲಸ. ಎಂಟು ತಿಂಗಳ ಅವಳಿ ಮಕ್ಕಳು. ಎದೆಹಾಲು ಸಾಲದು. ಉಲ್ಟಾ ಓಡುವ ಮುಳ್ಳು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ನೆಟ್ಟಗೆ ಮಾಡಿದ್ದಾಳೆ, ಅಪ್ಪನಿಗೆ ಹೇಳಿದ್ದಾಳೆ. ಆ ನಟ್ಟು ಅವಳ ಕೈತಪ್ಪಿನಿಂದ ಸಡಿಲವಾಯಿತೋ, ಅವಳು ಕೊಟ್ಟ ಮೇಲೆ ಇನ್ಯಾರೋ ಸಡಿಲ ಮಾಡಿದರೋ, ನನಗೆ ಗೊತ್ತಿಲ್ಲ. ಬೆರ್ತೊನಿಗೂ ಗೊತ್ತಿಲ್ಲ. ಅವನು ಕೇಳಲೇ ಇಲ್ಲ, ನೇರವಾಗಿ ಠಾಣೆಗೆ ನಡೆದ.

"ಅಕ್ಕಾ," ಎಂದಿತು ಫೋನು.

"ನೆರೈದಮ್ಮ," ಎಂದ ಲೆಫ್ಟಿನೆಂಟ್. "ಹೆಸರು ಹೇಳಿ."